ಹಾಲಿನ ಲೆಕ್ಕದ ಕ್ಯಾಲೆಂಡರು: ಲೂಪಸ್ ಇದ್ದ ಹೆಂಗಸಿನ ಮನಸ್ಸು ಕೆಟ್ಟ 37 ದಿನ

ಮಂಡ್ಯ ತಾಲ್ಲೂಕಿನ ಕಬ್ಬು, ಭತ್ತದ ಬಯಲಿನ ಒಂದು ಊರು. 27 ವರ್ಷದ ಹೆಂಗಸು, ತೂಕ 48 ಕಿಲೋ, ಐದು ವರ್ಷದ ಮಗಳಿದ್ದಾಳೆ, ಎರಡು ವರ್ಷದಿಂದ ಲೂಪಸ್. ಮೈಸೂರಿನ ಬೋಧನಾ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆತಂದಾಗ ಆಕೆಗೆ ಯಾರೋ ಬೈಯುವ ದನಿ ಕೇಳುತ್ತಿತ್ತು. ಅತ್ತೆ ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲ. ಜೊತೆಗೆ ಬಂದ ಚೀಟಿಯಲ್ಲಿ ಒಂದೇ ಸಾಲು: ಸ್ಟೀರಾಯ್ಡ್‌ನಿಂದ ಆದ ಮಾನಸಿಕ ತೊಂದರೆ, ಸ್ಟೀರಾಯ್ಡ್ ನಿಲ್ಲಿಸುವುದು. ಆ ಸಾಲನ್ನು ನಂಬಿದ್ದರೆ ಆಕೆ ಉಳಿಯುವುದು ಕಷ್ಟವಿತ್ತು. ಅದು ತಪ್ಪೆಂದು ಮೊದಲು ತೋರಿಸಿಕೊಟ್ಟದ್ದು ಅಡುಗೆಮನೆ ಗೋಡೆಯ ಮೇಲಿದ್ದ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು.

ಇದು ಕಲಿಕೆಗೆಂದು ಹೆಣೆದ ಪ್ರಕರಣ, ಯಾರೊಬ್ಬರ ದಾಖಲೆಯೂ ಅಲ್ಲ. ಔಷಧದ ಪ್ರಮಾಣ, ಪರೀಕ್ಷೆಗಳು ಮತ್ತು ಅವುಗಳ ಹಿಂದಿನ ತರ್ಕ ಮಾತ್ರ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವಂಥವೇ. ಇಲ್ಲಿನ ಡೋಸ್ ನೋಡಿ ಮನೆಯಲ್ಲಿ ಮಾತ್ರೆ ಏರಿಸುವುದು, ಇಳಿಸುವುದು ಬೇಡ. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದೇ ಈ ಪ್ರಕರಣದ ಅರ್ಧ ಕತೆ.

ಲೂಪಸ್ ಬಗ್ಗೆ ಬೇಕಾದಷ್ಟು ಮಾತ್ರ: ಸೋಂಕಿನ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಅದೂ ಬಹುಪಾಲು ಹೆರುವ ವಯಸ್ಸಿನವರು. ಚರ್ಮ, ಕೀಲು, ಮೂತ್ರಪಿಂಡ, ರಕ್ತಕಣಗಳಂತೆ ಮಿದುಳೂ ಅದರ ಗುರಿಯೇ. ಅಮೆರಿಕದ ರುಮಟಾಲಜಿ ತಜ್ಞರ ಸಂಘ 1999ರಲ್ಲಿ ಲೂಪಸ್‌ಗೆ ಸೇರಿದ 19 ಬಗೆಯ ನರ ಮತ್ತು ಮನಸ್ಸಿನ ತೊಂದರೆಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಐದು ನೇರವಾಗಿ ಮನಸ್ಸಿನವು: ತೀವ್ರ ಗೊಂದಲ, ಆತಂಕ, ಮರೆವು ಮತ್ತು ಗಮನದ ಕೊರತೆ, ಖಿನ್ನತೆಯಂಥ ಭಾವದ ಏರುಪೇರು, ಸೈಕೋಸಿಸ್ (ಇಲ್ಲದ್ದು ಕೇಳುವುದು, ಕಾಣುವುದು, ಇಲ್ಲದ್ದನ್ನು ನಿಜವೆಂದು ನಂಬುವುದು). ತೊಡಕೆಂದರೆ ಈ ಐದೂ ಬೇರೆ ಕಾರಣದಿಂದಲೂ ಬರುತ್ತವೆ. ಔಷಧದಿಂದ ಬರುತ್ತವೆ, ಸೋಂಕಿನಿಂದ ಬರುತ್ತವೆ, ಮನೆಯ ಕಷ್ಟದಿಂದಲೂ ಬರುತ್ತವೆ. ಈ ರೋಗಿಯಲ್ಲಿ ಅವು ಸರದಿ ಹಿಡಿದಂತೆ ಒಂದರ ಹಿಂದೊಂದು ಬಂದವು.

ಎಂಟು ತಿಂಗಳ ‘ಸುಸ್ತು’

ಆಕೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ ಕೆಲಸಕ್ಕೆ ಹೋಗುತ್ತಿದ್ದವರು. ವ್ಯಾನ್ ಕಾಯುತ್ತ ಬಿಸಿಲಲ್ಲಿ ನಿಂತರೆ ಕೆನ್ನೆ ಕೆಂಪೇರಿ ಉರಿಯುತ್ತಿತ್ತು, ಬೆಳಗಿನ ಹೊತ್ತು ಬೆರಳು ಮಡಚಲು ಬರುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟರು. ತಿಂಗಳ ಸಂಬಳದ ಜೊತೆ ವ್ಯಾನಿನ ಗೆಳತಿಯರೂ ಹೋದರು. ಕೂದಲು ಉದುರಿ ಜಡೆ ತೆಳ್ಳಗಾಯಿತು. ಎರಡನೇ ಮಗು ಯಾವಾಗ ಎಂದು ನೆಂಟರು ಕೇಳುವುದು ನಿಲ್ಲಲಿಲ್ಲ.

ಈ ಅವಧಿಯಲ್ಲಿ ಆರು ಸಲ ವೈದ್ಯರ ಬಳಿ ಹೋಗಿದ್ದಾರೆ. ಫೈಲಿನಲ್ಲಿ ಆರು ಸಲವೂ ಇರುವ ಪದ ಒಂದೇ, ಸುಸ್ತು. ಆರು ಸಲವೂ ಕಬ್ಬಿಣದ ಮಾತ್ರೆ, ಬಿ ಕಾಂಪ್ಲೆಕ್ಸ್. ಹಿಮೋಗ್ಲೋಬಿನ್ 9.4 ಇದ್ದದ್ದರಿಂದ ಅದನ್ನು ಪೂರಾ ತಪ್ಪೆನ್ನಲಾಗದು. ಆದರೆ ಮಂಡ್ಯದ ಕಡೆ ಹೆಂಗಸರು ‘ಬೇಜಾರು’ ಎನ್ನುವುದಕ್ಕೆ ಆಸ್ಪತ್ರೆಯಲ್ಲಿ ‘ಸುಸ್ತು’ ಎಂದೇ ಹೇಳುತ್ತಾರೆ. ಡಾಕ್ಟರ ಮುಂದೆ ಬೇಜಾರು ಎಂದರೆ ಅದೊಂದು ಕಾಯಿಲೆಯೇ ಎಂಬ ಸಂಕೋಚ. ಅತ್ತೆಯೋ ಗಂಡನೋ ಪಕ್ಕದಲ್ಲೇ ಕೂತಿರುತ್ತಾರೆ ಬೇರೆ.

ಖಿನ್ನತೆ ಅಳೆಯಲು ಎಲ್ಲೆಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಹಾಳೆಯನ್ನು ಲೂಪಸ್ ರೋಗಿಗೆ ಕೊಡುವಾಗ ಒಂದು ಎಚ್ಚರ ಬೇಕು. ನಿದ್ದೆ, ದಣಿವು, ಹಸಿವು, ಗಮನ ಕುರಿತ ನಾಲ್ಕು ಪ್ರಶ್ನೆಗಳಿಗೆ ಕಾಯಿಲೆಯೇ ಉತ್ತರ ಕೊಟ್ಟುಬಿಡುತ್ತದೆ. 27ಕ್ಕೆ 10 ಅಂಕ ಖಿನ್ನತೆಯಿಲ್ಲದೆಯೂ ಬರಬಹುದು. ಹಾಗೆಂದು ಹಾಳೆಯನ್ನೇ ಬಿಸಾಡುವವರೂ ಇದ್ದಾರೆ, ಅದು ಇನ್ನೂ ದೊಡ್ಡ ತಪ್ಪು. 1, 2, 6 ಮತ್ತು 9ನೇ ಪ್ರಶ್ನೆಗಳನ್ನು ಬೇರೆಯಾಗಿ ಓದಬೇಕು: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ತಾನು ಕೆಲಸಕ್ಕೆ ಬಾರದವಳು ಎನಿಸುವುದು, ಸಾಯುವ ಯೋಚನೆ. ಕೀಲುನೋವು ಈ ನಾಲ್ಕನ್ನು ತಂದಿಡುವುದಿಲ್ಲ. ದಣಿವಿನಿಂದ ಹಬ್ಬದ ಅಡುಗೆ ಮಾಡಲಾಗಲಿಲ್ಲ ಎಂಬುದು ಬೇರೆ, ಹಬ್ಬವೇ ಬೇಡವಾಯಿತು ಎಂಬುದು ಬೇರೆ. ಆಮೇಲೆ, ಎಲ್ಲ ಮುಗಿದ ಮೇಲೆ ಕೇಳಿದಾಗ ಆಕೆ ಹೇಳಿದ್ದು: “ಕನ್ನಡಿ ಮುಂದ್ಕೆ ನಿಂತ್ಕಂಡ್ರೆ ಇದ್ಯಾರೋ ಬೇರೇರು ಅನ್ನಿಸ್ತಿತ್ತು. ಮಗಿಗೆ ಜಡೆ ಹಾಕಕ್ಕೂ ಮನ್ಸಾಯ್ತಿರ್ಲಿಲ್ಲ.” ಎಂಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಇದು ಫೈಲಿನಲ್ಲಿಲ್ಲ. ಖಿನ್ನತೆ ಇತ್ತೆಂಬುದು ಗೊತ್ತಿದ್ದಿದ್ದರೆ ಮುಂದೆ ಆದದ್ದನ್ನು ಓದುವುದು ಸುಲಭವಾಗುತ್ತಿತ್ತು.

40 ಮಿಲಿಗ್ರಾಂ

ಕಾಲು ಊದಿತು, ಮೂತ್ರದಲ್ಲಿ ನೊರೆ ಕಂಡಿತು. ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂದು ಹೇಳುವ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ 2.4ಕ್ಕೆ ಏರಿತ್ತು, ರಕ್ತದ ಪ್ರೋಟೀನಾದ ಅಲ್ಬುಮಿನ್ 2.4ಕ್ಕೆ ಇಳಿದಿತ್ತು. ಮೂತ್ರಪಿಂಡದ ಬಯಾಪ್ಸಿಯಲ್ಲಿ ನಾಲ್ಕನೇ ದರ್ಜೆಯ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್‌ನಿಂದ ಮೂತ್ರಪಿಂಡಕ್ಕೆ ಆದ ಉರಿಯೂತ. ಅಲ್ಲಿಯವರೆಗೆ ಸ್ಟೀರಾಯ್ಡ್ ಮಾತ್ರೆಯಾದ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ. ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ 200 ಮಿ.ಗ್ರಾಂ. ಮೇಲಿದ್ದ ಆಕೆಗೆ ಪ್ರೆಡ್ನಿಸೊಲೋನ್ 40ಕ್ಕೆ ಏರಿತು, ಜೊತೆಗೆ ರಕ್ಷಣಾ ವ್ಯವಸ್ಥೆಯ ಆರ್ಭಟ ತಗ್ಗಿಸುವ ಮೈಕೋಫಿನೊಲೇಟ್ ಶುರುವಾಯಿತು. ತೀರ್ಮಾನ ಸರಿಯೇ. ಈ ಏಟು ಕೊಡದಿದ್ದರೆ ಮೂತ್ರಪಿಂಡ ಉಳಿಯದು.

ಹೇಳದೆ ಬಿಟ್ಟದ್ದು ಎರಡು ಸಂಗತಿ. ಒಂದು, ಮಾತ್ರೆ ನುಂಗುವ ಹೊತ್ತು. ಮೆಡಿಕಲ್ ಸ್ಟೋರಿನಲ್ಲಿ ‘ಊಟ ಆದ್ಮೇಲೆ’ ಎಂದಷ್ಟೇ ಹೇಳಿದ್ದರಿಂದ 10ರ ನಾಲ್ಕು ಮಾತ್ರೆಯನ್ನು ಬೆಳಿಗ್ಗೆ ಎರಡು, ರಾತ್ರಿ ಊಟವಾದ ಮೇಲೆ ಎರಡು ಎಂದು ಹಂಚಿಕೊಂಡರು. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಬೆಳಗಿನ ಜಾವ ಏರಿ ರಾತ್ರಿ ಇಳಿಯುತ್ತದೆ. ರಾತ್ರಿ ಎಂಟೂವರೆಗೆ 20 ಮಿ.ಗ್ರಾಂ. ನುಂಗಿದರೆ ಮಿದುಳಿಗೆ ಬೆಳಗಾಯಿತೆಂದು ಸುದ್ದಿ ಕೊಟ್ಟ ಹಾಗೆ. ದಿನದ ಅಷ್ಟೂ ಮಾತ್ರೆಯನ್ನು ಬೆಳಿಗ್ಗೆ 8ರೊಳಗೆ, ತಿಂಡಿಯ ಜೊತೆ ಮುಗಿಸಬೇಕಿತ್ತು.

ಎರಡನೆಯದು, ಮನಸ್ಸಿನ ಮೇಲಾಗುವ ಪರಿಣಾಮದ ಮುನ್ಸೂಚನೆ. ಬಾಸ್ಟನ್ನಿನ ಔಷಧ ನಿಗಾ ತಂಡ 1972ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ: ದಿನಕ್ಕೆ 40 ಮಿ.ಗ್ರಾಂ. ವರೆಗೆ ಪ್ರೆಡ್ನಿಸೋನ್ (ಪ್ರೆಡ್ನಿಸೊಲೋನಿನ ಜೋಡಿ ಮದ್ದು) ತೆಗೆದುಕೊಂಡವರಲ್ಲಿ 1.3% ಮಂದಿಗೆ, 41ರಿಂದ 80ರ ನಡುವೆ 4.6% ಮಂದಿಗೆ, 80 ದಾಟಿದವರಲ್ಲಿ 18.4% ಮಂದಿಗೆ ಮಾನಸಿಕ ತೊಂದರೆ. ಈ ಅಂಕಿ ಹಿಡಿದು ‘40 ತಾನೇ, ಏನಾಗದು’ ಎನ್ನುವುದುಂಟು. ಆದರೆ ರಕ್ತದಲ್ಲಿ ಪ್ರೆಡ್ನಿಸೊಲೋನಿನ ಬಹುಭಾಗ ಅಲ್ಬುಮಿನ್ ಮುಂತಾದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಅಂಟದೆ ಉಳಿದ ಭಾಗ. ಅಲ್ಬುಮಿನ್ ಮೂತ್ರದಲ್ಲಿ ಸೋರಿ 2.4ಕ್ಕೆ ಇಳಿದವರಲ್ಲಿ ಆ ಉಳಿದ ಭಾಗ ಹೆಚ್ಚು. ಅಂಥವರಿಗೆ 40 ಎಂಬುದು 40ಕ್ಕಿಂತ ಜೋರಾಗಿ ತಾಗುತ್ತದೆ.

ಡೋಸ್ ಏರಿದ ಐದನೇ ದಿನದಿಂದ ನಿದ್ದೆ ಮೂರು ಗಂಟೆಗೆ ಇಳಿಯಿತು. ಒಂಬತ್ತನೇ ದಿನ ರಾತ್ರಿ ಎರಡಕ್ಕೆ ಎದ್ದು ಅಟ್ಟದ ಪಾತ್ರೆಯೆಲ್ಲ ಇಳಿಸಿ ಉಜ್ಜಿದರು. ಡೇರಿ ತೆರೆಯುವ ಮೊದಲೇ ಹಾಲಿನ ಕ್ಯಾನ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಸಾಲ ಹೇಳಿ ಮೂರು ಸೀರೆ ತಂದರು, ಬೇಡವೆಂದ ಗಂಡನ ಮೇಲೆ ಹರಿಹಾಯ್ದರು. ಅದಕ್ಕೆ ಮೊದಲು ಮನೆಯವರಿಗೆ ಸಂತೋಷವೇ ಆಗಿತ್ತು. ಅತ್ತೆ ಹೇಳಿದ ಮಾತು: “ಎಂಟು ತಿಂಗ್ಳಿಂದ ಮಲಗಿದ್ದೋಳು ಈಗ್ಲಾದ್ರೂ ಚುರುಕಾದ್ಲಲ್ಲ ಅಂದ್ಕಂಡೊ ಕಣವ್ವ.” ಸ್ಟೀರಾಯ್ಡ್‌ನ ಮೊದಲ ವಾರದ ಉಲ್ಲಾಸ ಮೋಸ ಮಾಡುವುದು ಹೀಗೆ. ಮಾತು ಹೆಚ್ಚಾದದ್ದು, ಖರ್ಚು ಹೆಚ್ಚಾದದ್ದು, ಸಿಟ್ಟು ಬಂದದ್ದು ಆಮೇಲೆ ಕಾಣುತ್ತದೆ. ಮೊದಲ ಸುಳಿವು ನಿದ್ದೆ. ಸ್ಟೀರಾಯ್ಡ್ ಏರಿಸಿದ ಮೊದಲ ಎರಡು ವಾರದಲ್ಲಿ ಎರಡು ರಾತ್ರಿ ಸತತವಾಗಿ ನಾಲ್ಕು ಗಂಟೆಗಿಂತ ಕಡಿಮೆ ಮಲಗಿದರೆ ಆಸ್ಪತ್ರೆಗೆ ಫೋನ್ ಮಾಡಬೇಕು. ಆ ಹಂತದಲ್ಲಿ ಮಾಡಬೇಕಾದದ್ದು ದೊಡ್ಡದೇನಲ್ಲ: ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಸೇರಿಸುವುದು, ಬೇಕಿದ್ದರೆ ರಾತ್ರಿಗೆ ಮನಸ್ಸಿನ ಹಾರಾಟ ಇಳಿಸುವ ಒಲಾಂಜಪೀನ್ 2.5 ಮಿ.ಗ್ರಾಂ., ಮೂತ್ರಪಿಂಡ ಒಪ್ಪಿದಷ್ಟು ಬೇಗ ಡೋಸ್ ಇಳಿಸುವುದು.

ಎಲ್ಲ ಮಾತ್ರೆ ಒಟ್ಟಿಗೆ ನಿಂತಾಗ

ಹದಿಮೂರನೇ ದಿನ ಗಂಡ ಎಲ್ಲ ಮಾತ್ರೆಯನ್ನೂ ಒಂದೇ ಸಲಕ್ಕೆ ನಿಲ್ಲಿಸಿದರು. “ತಲೆ ಕೆಡ್ಸ್ತಿರೋದು ಈ ಮಾತ್ರೆನೇ ಅಂತ ಎಲ್ಲಾರೂ ಅಂದ್ರು ಸಾ.” ಅಂದವರ ಮಾತು ಅರ್ಧ ನಿಜವೇ ಆಗಿತ್ತು.

ಎರಡು ವರ್ಷ ಹೊರಗಿನಿಂದ ಸ್ಟೀರಾಯ್ಡ್ ಬಂದ ಮೈಯಲ್ಲಿ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರುತ್ತದೆ. ದಿನಕ್ಕೆ 5 ಮಿ.ಗ್ರಾಂ. ಇದ್ದರೂ ಹೀಗಾಗಬಹುದು. ತಟ್ಟನೆ ನಿಲ್ಲಿಸಿದರೆ ಮೈಗೆ ಬೇಕಾದ ಕನಿಷ್ಠ ಕಾರ್ಟಿಸೋಲೂ ಇರುವುದಿಲ್ಲ. ಹದಿನಾರನೇ ದಿನ ವಾಂತಿ, ಎದ್ದು ನಿಂತರೆ ತಲೆಸುತ್ತು, ಬಿಪಿ 86/60. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿ, ಹಳೆಯ ಪಟ್ಟಿಯ 5ರ ಮಾತ್ರೆಯೊಂದನ್ನಾದರೂ ನುಂಗಿ ಎಂದರು. ಅದು ಜೀವ ಉಳಿಸಿತು. ಆದರೆ ಲೂಪಸ್ ತಡೆಯುವ ಹೈಡ್ರಾಕ್ಸಿಕ್ಲೋರೊಕ್ವಿನ್, ಮೈಕೋಫಿನೊಲೇಟ್ ಎರಡೂ ಮತ್ತೆ ಶುರುವಾಗಲಿಲ್ಲ. ಆ 5 ಮಿ.ಗ್ರಾಂ. ಅಡ್ರಿನಲ್ಲಿನ ಕೊರತೆ ತುಂಬುವಷ್ಟು ಮಾತ್ರ. ನಾಲ್ಕನೇ ದರ್ಜೆಯ ನೆಫ್ರೈಟಿಸ್ ಎದುರು ಅದೇನೂ ಅಲ್ಲ.

ಎರಡು ವಾರ ಮನೆ ಶಾಂತವಾಗಿತ್ತು. ನಿದ್ದೆ ಬಂತು, ಹಾರಾಟ ಇಳಿಯಿತು. ಮೂವತ್ತನೇ ದಿನ ಕೀಲುನೋವು ಮರಳಿತು, ಅಂಗುಳಿನಲ್ಲಿ ಹುಣ್ಣು, ಸಂಜೆ ಹೊತ್ತು ಸಣ್ಣ ಜ್ವರ. ಮೂವತ್ನಾಲ್ಕನೇ ದಿನ: “ಕೊಟ್ಟಿಗೆ ತಾವ ಇಬ್ರು ನಿಂತ್ಕಂಡು ನನ್ನೇ ಬೈತಾವ್ರೆ, ಅನ್ನಕ್ಕೆ ಏನೋ ಕಲ್ಸವ್ರೆ.” ಗಾಳಿ ಸೋಕಿದೆ ಎಂದು ಶಾಸ್ತ್ರ ಕೇಳಿ, ತಾಯಿತ ಕಟ್ಟಿಸಿದ್ದರಲ್ಲಿ ಎರಡು ದಿನ ಹೋಯಿತು. ಇದನ್ನು ಹೀಯಾಳಿಸಿ ಫಲವಿಲ್ಲ. ತಾಯಿತ ಕಟ್ಟಿದ ಕೈಗೇ ಡ್ರಿಪ್ ಹಾಕಬಹುದು. ಬಿಚ್ಚಿಸಬೇಕೆಂದು ಹಟ ಹಿಡಿದರೆ ಮನೆಯವರು ಎದ್ದು ಹೋಗುತ್ತಾರೆ. ಆ ತಾಯಿತ ವಾರ್ಡಿನಲ್ಲೂ ಕೈಯಲ್ಲೇ ಇತ್ತು, ಎಂಆರ್‌ಐ ಕೋಣೆಗೆ ಹೋಗುವಾಗ ಮಾತ್ರ ತಾಮ್ರದ್ದೋ ಕಬ್ಬಿಣದ್ದೋ ಗೊತ್ತಿಲ್ಲದ್ದರಿಂದ ಅತ್ತೆಯೇ ಬಿಚ್ಚಿ ಸೆರಗಿಗೆ ಕಟ್ಟಿಕೊಂಡರು.

ಕ್ಯಾಲೆಂಡರು

ದಾಖಲಾದದ್ದು 37ನೇ ದಿನ. ‘ಯಾವಾಗಿನಿಂದ ಹೀಗೆ’ ಎಂದರೆ ಗಂಡ ‘ಒಂದು ತಿಂಗಳಿಂದ’ ಎಂದರು. ಈ ಉತ್ತರದಿಂದಲೇ ಎಲ್ಲ ಕೆಟ್ಟದ್ದು. ಒಂದು ತಿಂಗಳ ಹಿಂದೆ ಸ್ಟೀರಾಯ್ಡ್ ಏರಿತ್ತು, ಒಂದು ತಿಂಗಳಿಂದ ಮನಸ್ಸು ಸರಿಯಿಲ್ಲ, ಹಾಗಾಗಿ ಸ್ಟೀರಾಯ್ಡೇ ಕಾರಣ. ಚೀಟಿ ಬರೆದವರ ತರ್ಕ ಇಷ್ಟೇ.

ಗಂಡ ಮನೆಗೆ ಫೋನ್ ಮಾಡಿ ತಮ್ಮನಿಂದ ಕ್ಯಾಲೆಂಡರಿನ ಫೋಟೊ ತರಿಸಿದರು. ದಿನದ ಚೌಕದಲ್ಲಿ ಮೇಲೆ ಬೆಳಗಿನ ಹಾಲು, ಕೆಳಗೆ ಸಂಜೆಯ ಹಾಲು, ಲೀಟರಿನಲ್ಲಿ. ಹಸು ಕರೆಯುವುದು ಆಕೆಯೇ. ಎಂಟು ತಿಂಗಳ ಹಾಳೆ ತಿರುವಿದರೆ ಸಂಜೆಯ ಚೌಕ ಅಲ್ಲಲ್ಲಿ ಖಾಲಿ: ಏಳಲಾಗದ ದಿನಗಳು. ಮಾತ್ರೆ ಏರಿದ ಐದನೇ ದಿನದಿಂದ ಎರಡೂ ಹೊತ್ತು ಭರ್ತಿ, ಬೆಳಗಿನದ್ದು 6, 6.5. ಹದಿಮೂರನೇ ದಿನದ ಚೌಕದ ಮೂಲೆಯಲ್ಲಿ ಗಂಡ ಹಾಕಿದ ಒಂದು ಇಂಟು ಗುರುತು. ಹದಿನಾರರಂದು ಹಾಲಿಲ್ಲ, ‘ಗ್ಲೂಕೋಸ್ 400’ ಎಂದು ಖರ್ಚು. ಹದಿನೇಳರಿಂದ ಇಪ್ಪತ್ತೊಂಬತ್ತರವರೆಗೆ ಎಂದಿನಂತೆ. ಮೂವತ್ತರಿಂದ ಅತ್ತೆ ಕರೆದದ್ದು, 4 ಲೀಟರು. ಹಸು ಕೈ ಬದಲಾದರೆ ಸೊರೆ ಬಿಡುವುದಿಲ್ಲ.

ಮೂವತ್ನಾಲ್ಕನೇ ದಿನ ದನಿ ಶುರುವಾದಾಗ ಆಕೆ 18 ದಿನದಿಂದ ದಿನಕ್ಕೆ 5 ಮಿ.ಗ್ರಾಂ. ಮೇಲಿದ್ದರು. ಹೆಚ್ಚಿನ ಡೋಸಿನ ಸ್ಟೀರಾಯ್ಡ್‌ನಿಂದ ಬರುವ ತೊಂದರೆ ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ ಹುಟ್ಟಿ, ಡೋಸ್ ಇಳಿದ ಮೇಲೆ ದಿನಗಳಲ್ಲಿ ಅಥವಾ ಕೆಲವು ವಾರಗಳಲ್ಲಿ ಆರುತ್ತದೆ. ಒಂಬತ್ತನೇ ದಿನದ ಪಾತ್ರೆ ಉಜ್ಜಾಟ ಆ ಜಾತಿಯದು, ಅದು ಆರಿಯೂ ಇತ್ತು. ಮೂವತ್ನಾಲ್ಕರದ್ದು ಬೇರೆಯದೇ ಪ್ರಕರಣ. ಅದರ ಹಿಂದೆ ಕೀಲುನೋವು, ಬಾಯಿಹುಣ್ಣು, ಜ್ವರ ಬಂದಿವೆ. ಒಂದೇ ಕಾಯಿಲೆ ಎಂದು ತಿಳಿದದ್ದು ಎರಡಾಯಿತು. ಎರಡನೆಯದಕ್ಕೆ ಸ್ಟೀರಾಯ್ಡ್ ನಿಲ್ಲಿಸುವುದಲ್ಲ, ಹೆಚ್ಚಿಸುವುದು ಮದ್ದು. ಆದರೆ ಹೆಚ್ಚಿಸುವ ಮೊದಲು ಒಂದು ಬಾಗಿಲು ಮುಚ್ಚಬೇಕು: ಸೋಂಕು. ಕ್ಷಯದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಇರುವವರಿಗೆ ಸೋಂಕಿನ ಮದ್ದಿಲ್ಲದೆ, ರಕ್ಷಣಾ ವ್ಯವಸ್ಥೆಯನ್ನು ಬಲವಾಗಿ ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೊಟ್ಟರೆ ಆಗುವ ಅನಾಹುತ ದೊಡ್ಡದು.

ಹಾಸಿಗೆಯ ಪಕ್ಕ, ಮತ್ತೆ ಲ್ಯಾಬಿನಲ್ಲಿ

ಯಾವ ಯಂತ್ರವೂ ಬೇಡದ ಪರೀಕ್ಷೆಯೊಂದಿದೆ. ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸುವುದು. ಆಕೆ ಪಿಯುಸಿ ಓದಿದವರು. “ಭಾನುವಾರ, ಶನಿವಾರ, ಶುಕ್ರವಾರ... ಶನಿವಾರ... ಏನ್ ಕೇಳಿದ್ರಿ?” ಇಪ್ಪತ್ತರಿಂದ ಹಿಂದಕ್ಕೆ ಎಣಿಸುವಾಗ 14ರಲ್ಲಿ ನಿಂತರು. ಮಧ್ಯಾಹ್ನ ಅದೇ ಎಣಿಕೆ 6ರವರೆಗೂ ಹೋಯಿತು, ರಾತ್ರಿ 17ಕ್ಕೇ ಮುರಿಯಿತು. ಗಮನ ಹೀಗೆ ಹೊತ್ತಿಗೊಂದು ತೆರನಾಗಿದ್ದರೆ, ದನಿಯ ಜೊತೆ ಆಕೃತಿಗಳೂ ಕಾಣುತ್ತಿದ್ದರೆ, ಜ್ವರವೂ ಇದ್ದರೆ ಅದನ್ನು ಬರೀ ಮನೋರೋಗ ಎಂದು ಮನೋವೈದ್ಯ ವಾರ್ಡಿಗೆ ಕಳಿಸಿ ಕೈ ತೊಳೆದುಕೊಳ್ಳಬಾರದು. ಮಿದುಳಿಗೆ ಏನೋ ಆಗಿದೆ.

ರಕ್ತದಲ್ಲಿ ಬಿಳಿಕಣ 2,900, ಪ್ಲೇಟ್‌ಲೆಟ್ 1.1 ಲಕ್ಷ, ಸೋಡಿಯಂ 131. ಉರಿಯೂತ ತೋರಿಸುವ ಎರಡು ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ 88, ಆದರೆ ಸಿಆರ್‌ಪಿ ಬರೀ 6. ಲೂಪಸ್ ಕೆರಳಿದಾಗ ಇಎಸ್‌ಆರ್ ಏರಿ ಸಿಆರ್‌ಪಿ ಅಷ್ಟಾಗಿ ಏರದಿರುವುದು ಹಳೆಯ ಸುಳಿವು. ಸಿಆರ್‌ಪಿ ಜೋರಾಗಿ ಏರಿದ್ದರೆ ಸೋಂಕಿನ ಅನುಮಾನ ಬಲವಾಗುತ್ತಿತ್ತು. ಲೂಪಸ್ ಕೆರಳಿದಾಗ ಖರ್ಚಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳಾದ ಸಿ3 42, ಸಿ4 6, ಎರಡೂ ಕುಸಿದಿದ್ದವು. ಲೂಪಸ್‌ನ ಗುರುತಾದ ಡಿಎಸ್‌ಡಿಎನ್‌ಎ ಪ್ರತಿಕಾಯ ಏರಿತ್ತು. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಇರಲಿಲ್ಲ. ಸಿಫಿಲಿಸ್ ಹುಡುಕುವ ವಿಡಿಆರ್‌ಎಲ್ ಪರೀಕ್ಷೆ ಪಾಸಿಟಿವ್ ಬಂತು. ಇದನ್ನು ನೋಡಿದ ಕೂಡಲೇ ಗಂಡ ಹೆಂಡತಿಯನ್ನು ಕೂರಿಸಿ ಗುಹ್ಯರೋಗದ ಪ್ರಶ್ನೆ ಕೇಳಲು ಹೋಗಬಾರದು. ಲೂಪಸ್‌ನಲ್ಲಿ ವಿಡಿಆರ್‌ಎಲ್ ಸುಳ್ಳು ಹೇಳುವುದು ಹೆಸರಾದ ಸಂಗತಿ. ಸಿಫಿಲಿಸ್ ಖಚಿತಪಡಿಸುವ ಟಿಪಿಎಚ್‌ಎ ಮಾಡಿಸಿದರೆ ಗೊತ್ತಾಗುತ್ತದೆ. ಮಾಡಿಸಿದರು, ನೆಗೆಟಿವ್.

ಎಂಆರ್‌ಐಯಲ್ಲಿ ಮಿದುಳಿನ ಬಿಳಿಭಾಗದಲ್ಲಿ ಎರಡು ಮೂರು ಸಣ್ಣ ಚುಕ್ಕೆ, ರಕ್ತನಾಳಗಳು ಚೊಕ್ಕ. ಲೂಪಸ್ ಸೈಕೋಸಿಸ್‌ನಲ್ಲಿ ಎಂಆರ್‌ಐ ಪೂರ್ತಿ ಚೊಕ್ಕವಾಗಿಯೂ ಇರಬಹುದು. ಸ್ಕ್ಯಾನ್ ಮಾಡುವುದು ಪಾರ್ಶ್ವವಾಯು, ಗಡ್ಡೆ, ಕೀವು ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ಬೆನ್ನುಹುರಿಯ ನೀರು ತೆಗೆಯುವ ಮಾತೆತ್ತಿದಾಗ ಮನೆಯವರು ಒಪ್ಪಲಿಲ್ಲ. “ಬೆನ್ನಿನ ನೀರು ತೆಗುದ್ರೆ ಸೊಂಟ ಬಿದ್ದೋಯ್ತದಂತಲ್ಲ ಸಾ.” ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ಹೆರಿಗೆ ಆಪರೇಷನ್ನಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಜಾಗವೇ ಅದು ಎಂದಾಗ ಅತ್ತೆ ಒಪ್ಪಿದರು, ತಮ್ಮ ಮಗಳ ಸಿಸೇರಿಯನ್ನಿಗೆ ಹಾಗೆ ಕೊಟ್ಟದ್ದನ್ನು ಅವರು ನೋಡಿದ್ದರು. ನೀರಿನಲ್ಲಿ 8 ಕಣ, ಪ್ರೋಟೀನ್ 62, ಗ್ಲೂಕೋಸ್ 58; ಅದೇ ಹೊತ್ತಿನ ರಕ್ತದ ಗ್ಲೂಕೋಸ್ 104. ಕ್ಷಯದ ಮೆನಿಂಜೈಟಿಸ್ ಇದ್ದಿದ್ದರೆ ನೀರಿನ ಗ್ಲೂಕೋಸ್ ರಕ್ತದ್ದರ ಅರ್ಧಕ್ಕಿಂತ ಬಹಳ ಕೆಳಗಿಳಿಯುತ್ತಿತ್ತು. ಕ್ಷಯಕ್ಕೆ ಸಿಬಿನ್ಯಾಟ್, ಶಿಲೀಂಧ್ರಕ್ಕೆ ಕ್ರಿಪ್ಟೋಕಾಕಸ್ ಆಂಟಿಜೆನ್, ವೈರಸ್ಸಿಗೆ ಹರ್ಪಿಸ್ ಪಿಸಿಆರ್ ಮೂರೂ ನೆಗೆಟಿವ್. ವರದಿ ಬರುವವರೆಗಿನ 48 ಗಂಟೆ ಸುಮ್ಮನೆ ಕೂರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ. 12 ಗಂಟೆಗೊಮ್ಮೆ, ಹರ್ಪಿಸ್‌ಗೆ ಏಸೈಕ್ಲೋವಿರ್ ಕಿಲೋಗೆ 10 ಮಿ.ಗ್ರಾಂ.ನಂತೆ 8 ಗಂಟೆಗೊಮ್ಮೆ ಹೋಗುತ್ತಿತ್ತು. ಏಸೈಕ್ಲೋವಿರ್ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದಾದ್ದರಿಂದ ಸಲೈನ್ ಜೊತೆಗೆ, ದಿನವೂ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಕೊಂಡು.

ಏನು ಕೊಟ್ಟರು, ಏನು ಕೊಡಲಿಲ್ಲ

ಸ್ಟೀರಾಯ್ಡ್ ಇಂಜೆಕ್ಷನ್ ಮಿಥೈಲ್ ಪ್ರೆಡ್ನಿಸೊಲೋನ್ 500 ಮಿ.ಗ್ರಾಂ. ದಿನಕ್ಕೊಮ್ಮೆ ಮೂರು ದಿನ, ನಿಧಾನದ ಡ್ರಿಪ್‌ನಲ್ಲಿ, ಬೆಳಿಗ್ಗೆಯೇ. ಆಮೇಲೆ ಪ್ರೆಡ್ನಿಸೊಲೋನ್ 45 ಮಿ.ಗ್ರಾಂ. ಗರ್ಭ ಇಲ್ಲವೆಂದು ಪರೀಕ್ಷಿಸಿ ಸೈಕ್ಲೋಫಾಸ್ಫಮೈಡ್ 500 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ ಆರು ಸಲ. ಒಟ್ಟು 3 ಗ್ರಾಂ. ಮಾತ್ರವಾದ್ದರಿಂದ ಅಂಡಾಶಯಕ್ಕೆ ಹಾನಿ ಕಡಿಮೆ, ಎರಡನೇ ಮಗುವಿನ ಆಸೆಗೆ ಕಲ್ಲು ಬೀಳುವುದಿಲ್ಲ. ಆದರೆ ಈ ಮದ್ದಿನ ಕಾಲದಲ್ಲಿ ಗರ್ಭ ನಿಲ್ಲಬಾರದು, ಅದನ್ನು ಗಂಡನಿಗೂ ಬಿಡಿಸಿ ಹೇಳಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಮೊದಲ ದಿನವೇ ಮರಳಿತು. ತೂಕದ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ. ದಾಟಬಾರದೆಂಬ ಲೆಕ್ಕದಲ್ಲಿ 48 ಕಿಲೋಗೆ 240; 200ರ ಮಾತ್ರೆ ಒಂದು. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರ ಕರುಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳು ಇದ್ದರೆ ದೊಡ್ಡ ಡೋಸಿನ ಸ್ಟೀರಾಯ್ಡ್ ಕೆಳಗೆ ಅದು ಮೈಯೆಲ್ಲ ಹರಡಬಹುದು. ಹಾಗಾಗಿ ಐವರ್ಮೆಕ್ಟಿನ್ ಮೊದಲೇ ಕೊಟ್ಟರು. ನಗರದ ಪ್ರೋಟೋಕಾಲಿನಲ್ಲಿ ಇದು ಮರೆತುಹೋಗುವುದೇ ಹೆಚ್ಚು.

ದನಿಗಳಿಗೆ ಒಲಾಂಜಪೀನ್ 2.5 ಮಿ.ಗ್ರಾಂ. ರಾತ್ರಿ, ಮೂರನೇ ರಾತ್ರಿಯಿಂದ 5. ಮೊದಲು ಇಸಿಜಿ, ಯಾಕೆಂದರೆ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಸೈಕೋಸಿಸ್‌ನ ಹಲವು ಮದ್ದುಗಳು ಎರಡೂ ಇಸಿಜಿಯಲ್ಲಿ ಕಾಣುವ ಹೃದಯದ ಕ್ಯುಟಿ ಅಂತರ ಉದ್ದ ಮಾಡುತ್ತವೆ, ಅದು ಮಿತಿ ಮೀರಿದರೆ ಬಡಿತ ತಾಳ ತಪ್ಪುತ್ತದೆ. ಸಕ್ಕರೆಯನ್ನು ಬರೀ ಹೊಟ್ಟೆಯಲ್ಲಿ ನೋಡಿ ನೆಮ್ಮದಿಯಾಗಿರಲಿಲ್ಲ; ಬೆಳಗಿನ ಸ್ಟೀರಾಯ್ಡ್ ಸಕ್ಕರೆ ಏರಿಸುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ 98 ಇದ್ದದ್ದು ಸಂಜೆ ನಾಲ್ಕಕ್ಕೆ 212.

ಇಂಥ ತೊಂದರೆಗೆ ಬೇರೆಡೆ ಕೊಡುವ ಮದ್ದುಗಳಲ್ಲಿ ಇಲ್ಲಿ ಕೊಡದೆ ಬಿಟ್ಟದ್ದೂ ಅಷ್ಟೇ ಮುಖ್ಯ. ಕಾರ್ಬಮಜೆಪೀನ್ ಮತ್ತು ಕ್ಲೋರ್‌ಪ್ರೊಮಜೀನ್ ತಾವೇ ಲೂಪಸ್‌ನಂಥ ಕಾಯಿಲೆ ತರಿಸಬಲ್ಲವು. ಕಾರ್ಬಮಜೆಪೀನ್, ಫೆನಿಟಾಯಿನ್ ಎರಡೂ ಯಕೃತ್ತನ್ನು ಚುರುಕಾಗಿಸಿ ಪ್ರೆಡ್ನಿಸೊಲೋನನ್ನು ಬೇಗ ಕರಗಿಸುತ್ತವೆ, ನುಂಗಿದ 45 ಕೆಲಸದಲ್ಲಿ ಅಷ್ಟು ಇರುವುದಿಲ್ಲ. ಲಿಥಿಯಂ ಮೂತ್ರಪಿಂಡ ಸೋತವರಿಗೆ, ಲೋಸಾರ್ಟನ್‌ನಂಥ ಬಿಪಿ ಮಾತ್ರೆ ನುಂಗುವವರಿಗೆ ವಿಷವಾಗಿ ಏರಬಹುದು. ವಾಲ್ಪ್ರೋಯೇಟ್ ಹೆರುವ ವಯಸ್ಸಿನವರಿಗೆ ಬೇಡ.

ನಾಲ್ಕನೇ ರಾತ್ರಿ ಐದು ಗಂಟೆ ನಿದ್ದೆ. ಒಂಬತ್ತನೇ ದಿನಕ್ಕೆ ದನಿ ‘ದೂರದಿಂದ ಕೇಳ್ದಂಗೆ’. ಮೂರು ವಾರಕ್ಕೆ ಇಲ್ಲ. ವಾರದ ದಿನಗಳು ಭಾನುವಾರದಿಂದ ಸೋಮವಾರಕ್ಕೆ ತಪ್ಪಿಲ್ಲದೆ ಬಂದವು. ಒಲಾಂಜಪೀನ್ ನಾಲ್ಕನೇ ತಿಂಗಳಲ್ಲಿ ನಿಧಾನವಾಗಿ ನಿಂತಿತು. ಲೂಪಸ್ ಹತೋಟಿಯಲ್ಲಿದ್ದರೆ ಅದನ್ನು ವರ್ಷಗಟ್ಟಲೆ ಎಳೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಎಲ್ಲ ಸರಿಹೋಯಿತು ಎಂದುಕೊಂಡ ಮೇಲೆ

ಸ್ಟೀರಾಯ್ಡ್ ಎಂಟನೇ ವಾರಕ್ಕೆ 20ಕ್ಕೆ ಇಳಿದಾಗ ಆಕೆ ಮತ್ತೆ ಮಾತು ಕಡಿಮೆ ಮಾಡಿದರು. ಈ ಸಲ ಪಿಎಚ್‌ಕ್ಯು-9 ಕೇಳಿದರು, ಅತ್ತೆಯನ್ನು ಟೀ ತರಲು ಕಳಿಸಿ. 17 ಅಂಕ, ಒಂಬತ್ತನೇ ಪ್ರಶ್ನೆಗೆ 1: ‘ನಾನಿಲ್ದಿದ್ರೆ ಎಲ್ಲಾರ್ಗೂ ನೆಮ್ಮದಿ ಅನ್ನಿಸ್ತದೆ, ಒಂದೊಂದ್ಸಲ.’ ಸಿ3, ಸಿ4 ಏರುತ್ತಿದ್ದವು, ಮೂತ್ರದ ಪ್ರೋಟೀನ್ ಇಳಿಯುತ್ತಿತ್ತು. ಲೂಪಸ್ ಕೆರಳಿರಲಿಲ್ಲ. ಇದು ಎಂಟು ತಿಂಗಳ ಹಳೆಯ ಖಿನ್ನತೆ, ಅದರ ಮೇಲೆ ‘ಹುಚ್ಚು ಹಿಡಿದಿತ್ತಂತೆ’ ಎಂಬ ಊರಿನ ಮಾತು. ಇಲ್ಲಿ ಸೈಕ್ಲೋಫಾಸ್ಫಮೈಡ್ ಹೆಚ್ಚಿಸಿದರೆ ಮೂರ್ಖತನ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಅದೇ ದಿನ ಮನೆಯಲ್ಲಿ ಎರಡು ಬದಲಾವಣೆ ಮಾಡಿಸಿದರು. ಕಬ್ಬಿನ ಗದ್ದೆಗೆ ತಂದ ಕಳೆನಾಶಕ, ಕೀಟನಾಶಕ ಕೊಟ್ಟಿಗೆ ಅಟ್ಟದಿಂದ ಚಿಕ್ಕಪ್ಪನ ಮನೆಯ ಬೀಗದ ಪೆಟ್ಟಿಗೆಗೆ ಹೋಯಿತು. ಮಾತ್ರೆಗಳು ಗಂಡನ ಬಳಿ, ಆಕೆಯ ಕೈಗೆ ಒಂದು ವಾರದ್ದು ಮಾತ್ರ. ಹೈಡ್ರಾಕ್ಸಿಕ್ಲೋರೊಕ್ವಿನ್ ದಿನದ ಡೋಸಿನಲ್ಲಿ ಸಾಧು ಮಾತ್ರೆ, ಮಿತಿ ಮೀರಿದರೆ ಹೃದಯಕ್ಕೆ ಅಪಾಯ. ತಿಂಗಳುಗಟ್ಟಲೆಯದ್ದು ಎಟುಕುವಲ್ಲಿ ಇರಬಾರದು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನು ಗಂಡ ಹೆಂಡತಿ ಇಬ್ಬರ ಫೋನಿಗೂ ಹಾಕಿಕೊಟ್ಟರು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.

ಖಿನ್ನತೆಗೆ ಮದ್ದು ಸರ್ಟ್ರಾಲೀನ್ 25 ಮಿ.ಗ್ರಾಂ. ಬೆಳಿಗ್ಗೆ, ವಾರದ ಮೇಲೆ 50. ಅದೇ ಗುಂಪಿನ ಎಸ್ಸಿಟಾಲೋಪ್ರಾಮ್ ಬಿಟ್ಟದ್ದಕ್ಕೆ ಕಾರಣ ಅದೇ ಕ್ಯುಟಿ. ಈ ಗುಂಪಿನ ಮದ್ದು ಸೋಡಿಯಂ ಇಳಿಸಬಹುದು, ಎರಡನೇ ವಾರ ನೋಡಿಕೊಂಡರು. ಅಂಗಡಿಯ ನೋವಿನ ಮಾತ್ರೆ ಪೂರಾ ಬಂದ್: ಡೈಕ್ಲೊಫೆನಾಕ್ ಜೊತೆ ಸರ್ಟ್ರಾಲೀನ್ ಮತ್ತು ಸ್ಟೀರಾಯ್ಡ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು ಬೇರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕೆಂದು ಮೊದಲೇ ಹೇಳಿದ್ದರಿಂದ ಹತ್ತನೇ ದಿನ ಬಿಟ್ಟುಹಾಕಲಿಲ್ಲ. ಇದಕ್ಕಾಗಿ ಪ್ರತಿ ಸಲ 45 ಕಿ.ಮೀ. ಬಸ್ಸಿನಲ್ಲಿ ಮೈಸೂರಿಗೆ ಹೋಗಬೇಕಾಗಿಲ್ಲ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲೇ ಮನೋವೈದ್ಯ ವಿಭಾಗವಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು, ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಮಾಡಿಸಿಕೊಳ್ಳಬೇಕು.

ಮಾತಿನ ಚಿಕಿತ್ಸೆ ಅಂದದ್ದು ಬಹಳ ಸರಳವಾಗಿತ್ತು. ಬಿಸಿಲೇರುವ ಮೊದಲು ಒಂದು ಕೆಲಸ, ಬಿಸಿಲಿಳಿದ ಮೇಲೆ ಒಂದು. ಮೈ ಹಗುರವಿದ್ದ ದಿನ ನಾಲ್ಕು ದಿನದ್ದನ್ನು ಒಟ್ಟಿಗೆ ಮಾಡಿ ಮೂರು ದಿನ ಮಲಗುವುದು ಬೇಡ. ಮೊದಲ ವಾರದ ಕೆಲಸ ಮಗಳಿಗೆ ಜಡೆ ಹಾಕುವುದು. ಆಮೇಲೆ ಸೀರೆಗೆ ಫಾಲ್ಸ್ ಹಾಕುವುದು, ಮನೆಯಲ್ಲೇ, ದಿನಕ್ಕೆ ಎರಡು. ಸಾಲದ ಮೂರು ಸೀರೆಯ ದುಡ್ಡು ಅದರಿಂದಲೇ ತೀರಿತು.

ಹನ್ನೊಂದನೇ ತಿಂಗಳಲ್ಲಿ ಪ್ರೆಡ್ನಿಸೊಲೋನ್ 5, ಮೈಕೋಫಿನೊಲೇಟ್ ಮರಳಿದೆ, ಮೂತ್ರದ ಅನುಪಾತ 0.4, ಪಿಎಚ್‌ಕ್ಯು-9 ಅಂಕ 6. ಒಲೆ ಮೇಲಿಟ್ಟ ಹಾಲು ಮರೆತು ಉಕ್ಕುವುದು ಇನ್ನೂ ಇದೆ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಹಾಲಿನ ಲೀಟರಿನ ಪಕ್ಕ ಗಂಡ ಈಗ ಎರಡು ಅಕ್ಷರ ಬರೆಯುತ್ತಾರೆ: ‘ಮಾ’ ಎಂದರೆ ಮಾತ್ರೆ ನುಂಗಿದ್ದು, ‘ನಿ’ ಮುಂದೆ ನಿದ್ದೆಯ ಗಂಟೆ. ಕಳೆದ ತಿಂಗಳ ಹಾಳೆಯಲ್ಲಿ ಸತತ ಎರಡು ದಿನ ‘ನಿ 3’ ಎಂದಿತ್ತು. ಮೂರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಬಂತು. ವಿಚಾರಿಸಿದರೆ ಮಗಳಿಗೆ ಜ್ವರ, ತಾಯಿ ಎರಡು ರಾತ್ರಿ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದರಂತೆ. ಮಾತ್ರೆ ಬದಲಿಸಲಿಲ್ಲ.